ಗೆಲಾಕ್ಸಿಯ ಚಿತ್ರಕ್ಕೆ ದೊಡ್ಡ ದೂರದರ್ಶಕ ಬೇಕೆ?

ಪ್ರಶ್ನೆ: ನಮ್ಮದು ತುಮಕೂರು. ನನ್ನಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ, 200 ಮಿ.ಮೀ. ಲೆನ್ಸ್ ಮತ್ತು ಟ್ರೈಪಾಡ್ ಇವೆ. ತಾರಸಿಯಿಂದ ಒರಾಯನ್ ನೀಹಾರಿಕೆ, ಆಂಡ್ರೊಮಿಡಾ ಗೆಲಾಕ್ಸಿಗಳ ಚಿತ್ರ ತೆಗೆದರೆ ನಕ್ಷತ್ರಗಳು ಗೆರೆಗಳಾಗುತ್ತವೆ, ಆಕಾಶವೆಲ್ಲ ಬೆಳ್ಳಗಾಗುತ್ತದೆ. ದೊಡ್ಡ ದೂರದರ್ಶಕ ಕೊಳ್ಳಲೇ? ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಸಾಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ದೊಡ್ಡ ದೂರದರ್ಶಕ ಸದ್ಯಕ್ಕೆ ಬೇಡ. ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಆರು ಪಟ್ಟು ಉದ್ದಕ್ಕೆ ಹರಡಿಕೊಂಡಿದೆ. ನಿಮ್ಮ ಲೆನ್ಸಿನಲ್ಲಿ ಅದು ಪೂರ್ತಿ ಹಿಡಿಸುತ್ತದೆ, ದೊಡ್ಡ ದೂರದರ್ಶಕದಲ್ಲಿ ನಡುಭಾಗವಷ್ಟೇ ಸಿಕ್ಕೀತು. ಕೊರತೆಯಿರುವುದು ಬೆಳಕು ಕೂಡಿಸಿಕೊಳ್ಳುವ ಅವಧಿಯಲ್ಲಿ. ಭೂಮಿಯ ತಿರುಗುವಿಕೆಯಿಂದ ಒರಾಯನ್ ಭಾಗದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಸರಿಯುತ್ತವೆ. ನಿಮ್ಮ ಲೆನ್ಸಿಗೆ ಒಂದು ಪಿಕ್ಸೆಲ್ ಎಂದರೆ ಹೆಚ್ಚುಕಡಿಮೆ 4 ಆರ್ಕ್‌ಸೆಕೆಂಡ್. ಹೀಗಾಗಿ ಎರಡು ಸೆಕೆಂಡಿಗೇ ಗೆರೆ ಮೂಡುವುದು ಸಹಜ.

ಆದ್ದರಿಂದ ಹಣವಿದ್ದರೆ ಮೊದಲು ಆಕಾಶದೊಂದಿಗೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಕೊಳ್ಳಿ. ಅದರ ಅಕ್ಷ ಆಕಾಶದ ಧ್ರುವದತ್ತ, ಅಂದರೆ ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದುವಿನತ್ತ, ಮುಖಮಾಡಿರಬೇಕು. ನಮ್ಮಲ್ಲಿ ತೊಡಕಿರುವುದು ಇಲ್ಲೇ: ಧ್ರುವ ನಕ್ಷತ್ರ ನಿಮ್ಮ ಊರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲಿರುವುದರಿಂದ ಪಕ್ಕದ ಮನೆಯ ನೀರಿನ ಟ್ಯಾಂಕೋ ತೆಂಗಿನ ಮರವೋ ಅದನ್ನು ಮರೆಮಾಡಿಬಿಡುತ್ತದೆ. ಹಾಗಿದ್ದಲ್ಲಿ ಅಕ್ಷವನ್ನು 13 ಡಿಗ್ರಿಗೆ ಏರಿಸಿ, ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ, ದಕ್ಷಿಣದಲ್ಲಿ ನೆತ್ತಿಯ ಸಮೀಪ ಹಾಯುವ ನಕ್ಷತ್ರವೊಂದನ್ನು ಕೆಲವು ನಿಮಿಷ ಗಮನಿಸಿ. ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಅಕ್ಷದ ದಿಕ್ಕು ಪೂರ್ವಕ್ಕೋ ಪಶ್ಚಿಮಕ್ಕೋ ತಪ್ಪಿದೆಯೆಂದು ಅರ್ಥ. ಜಾರುವುದು ನಿಲ್ಲುವವರೆಗೆ ತುಸುತುಸುವೇ ಸರಿಪಡಿಸಿ.

ಅನಂತರ ಒಂದೊಂದು ನಿಮಿಷದ ನೂರು ಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಸ್ವರೂಪದಲ್ಲಿ ತೆಗೆದು, ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂರಿಸಿದರೆ, ವಸ್ತುವಿನ ಬೆಳಕು 100 ಪಟ್ಟಾಗುವಾಗ ನಾಯ್ಸ್ (ಚಿತ್ರವನ್ನು ಕೆಡಿಸುವ ಕಾಳುಕಾಳು ಚುಕ್ಕೆಗಳು) 10 ಪಟ್ಟಷ್ಟೇ ಆಗುತ್ತದೆ. ಒರಾಯನ್ ನಡುಭಾಗ ಬಹಳ ಪ್ರಕಾಶಮಾನವಾದ್ದರಿಂದ ಅದಕ್ಕೆಂದೇ ಕೆಲವು ಸೆಕೆಂಡುಗಳ ಬೇರೆ ಚಿತ್ರಗಳೂ ಇರಲಿ. (1883ರಲ್ಲಿ ಹವ್ಯಾಸಿ ಖಗೋಳವೀಕ್ಷಕ ಆಂಡ್ರ್ಯೂ ಕಾಮನ್ ಲಂಡನ್ ಬಳಿಯ ಈಲಿಂಗ್‌ನಲ್ಲಿ ತಮ್ಮ ಮನೆಯ ಹಿತ್ತಿಲಿನಿಂದಲೇ ಇದೇ ನೀಹಾರಿಕೆಯ ದೀರ್ಘಾವಧಿ ಚಿತ್ರ ತೆಗೆದು, ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಗಾಜಿನ ಫಲಕದ ಮೇಲೆ ಮೂಡಿಸಿದ್ದರು.)

ಫಿಲ್ಟರ್ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ. ಒರಾಯನ್ ನೀಹಾರಿಕೆಯ ಅನಿಲ ಮುಖ್ಯವಾಗಿ ಕೆಲವೇ ತರಂಗಾಂತರಗಳಲ್ಲಿ ಹೊಳೆಯುತ್ತದೆ: ಜಲಜನಕ 656 ನ್ಯಾನೋಮೀಟರಿನಲ್ಲಿ, ಆಮ್ಲಜನಕ 501ರ ಆಸುಪಾಸಿನಲ್ಲಿ. ಆ ಎರಡನ್ನಷ್ಟೇ ಬಿಡುವ ಫಿಲ್ಟರ್ ಊರೊಳಗೂ ಉಪಯೋಗಕ್ಕೆ ಬರುತ್ತದೆ, ಆದರೆ ಒಳಗಿನ ಫಿಲ್ಟರ್ ತೆಗೆಸಿ ಮಾರ್ಪಡಿಸದ ಡಿಎಸ್‌ಎಲ್‌ಆರ್ 656ರ ಕೆಂಪನ್ನು ಬಹುಪಾಲು ತಾನೇ ತಡೆಯುತ್ತದೆಂಬುದು ನೆನಪಿರಲಿ. ಗೆಲಾಕ್ಸಿಯದು ಕೋಟ್ಯಂತರ ನಕ್ಷತ್ರಗಳ ಬೆಳಕು. ಬೀದಿಯ ಎಲ್‌ಇಡಿ ದೀಪಗಳಂತೆ ಅದೂ ಎಲ್ಲ ಬಣ್ಣಗಳಲ್ಲಿ ಹರಡಿರುವುದರಿಂದ ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ಒರಾಯನ್ನನ್ನು ತಾರಸಿಯಿಂದಲೇ ತೆಗೆಯಿರಿ. ಆಂಡ್ರೊಮಿಡಾಕ್ಕಾಗಿ ನವೆಂಬರ್–ಡಿಸೆಂಬರ್ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರು ಬಿಟ್ಟು ಹೊರಗೆ ಹೋಗಿ. ಅದು ನಮಗೆ ಉತ್ತರದಲ್ಲಿ ಹಾಯುವುದರಿಂದ ಶಿರಾ ಕಡೆಯ ಹೊಲಗಳು ಅನುಕೂಲ. ಅಲ್ಲಿ ತುಮಕೂರಿನ ಬೆಳಕೂ ಬೆಂಗಳೂರಿನ ಬೆಳಕೂ ನಿಮ್ಮ ಬೆನ್ನಿಗಿರುತ್ತವೆ.