ದೂರ ಒಂದೇ ಆಗಿರುವಾಗ ಹೋಗುವ ಸಮಯ ಬೇರೆ, ಬರುವ ಸಮಯ ಬೇರೆ ಏಕೆ?

ಲಂಡನ್ನಿನ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಗಳ ನಡುವಿನ ದೂರವೆಷ್ಟು, ಹೋಗಲು ಸುಮಾರು ಎಂಟು ಗಂಟೆ ಬೇಕಾದರೆ ಮರಳಲು ಏಳೇ ಗಂಟೆ ಸಾಕಾಗುವುದೇಕೆ ಎಂದು ಕೇಳಿದ್ದೀರಿ. ದೂರ ಸುಮಾರು 5,540 ಕಿಲೋಮೀಟರ್. ಮೇಜಿನ ಮೇಲಿನ ಭೂಗೋಳದಲ್ಲಿ ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಐರ್ಲೆಂಡಿನ ಮೇಲೆ ಹಾದು, ಅಟ್ಲಾಂಟಿಕ್ ದಾಟಿ, ನ್ಯೂಫೌಂಡ್‌ಲ್ಯಾಂಡಿನ ಕಡೆಯಿಂದ ಇಳಿದು ನ್ಯೂಯಾರ್ಕ್ ಮುಟ್ಟುತ್ತದೆ. ಚಪ್ಪಟೆ ನಕ್ಷೆಯಲ್ಲಿ ಸುತ್ತುದಾರಿಯಂತೆ ಕಾಣುವ ಈ ಕಮಾನೇ ನಿಜವಾಗಿ ಅತಿ ಹತ್ತಿರದ ದಾರಿ.

ಸಮಯದ ವ್ಯತ್ಯಾಸಕ್ಕೆ ಭೂಮಿ ತಿರುಗುವುದೇ ನೇರ ಕಾರಣವೆಂದು ಹಲವರು ಹೇಳುತ್ತಾರೆ, ಆದರೆ ಅದು ಸರಿಯಲ್ಲ, ಏಕೆಂದರೆ ವಾತಾವರಣವೂ ಭೂಮಿಯೊಂದಿಗೇ ತಿರುಗುತ್ತಿರುತ್ತದೆ. ನಿಜವಾದ ಕಾರಣ ಗಾಳಿ. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಪಟ್ಟಿ ಹರಿಯುತ್ತದೆ, ಮತ್ತು ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಹೊಳೆಯ ಸೆಳವಿನೊಡನೆ ಸಾಗುವ ದೋಣಿಗೂ ಸೆಳವಿಗೆ ಎದುರಾಗಿ ಸಾಗುವ ದೋಣಿಗೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ. ಆಸನದ ಎದುರಿನ ಪರದೆಯಲ್ಲಿ ನೆಲದ ಮೇಲಿನ ವೇಗವನ್ನು ತೋರಿಸುವ ಅಂಕಿಯನ್ನು ನಾನು ಪ್ರತಿ ಪ್ರಯಾಣದಲ್ಲಿಯೂ ಗಮನಿಸುತ್ತೇನೆ. ಎಂಜಿನ್ನಿನ ಸದ್ದಿನಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅದು 900ರಿಂದ 1,000 ದಾಟಿ ಏರುವುದನ್ನು ನೋಡುವುದು ನನಗೆ ಇಂದಿಗೂ ಸಂತೋಷದ ವಿಷಯ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಗೂ ಕಡಿಮೆ ಅವಧಿಯಲ್ಲಿ ತಲುಪಿತ್ತು.

ಲೆಕ್ಕ ಹಾಕಿ ನೋಡಿ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್, ಗಾಳಿಯದು 100 ಎಂದಿಟ್ಟುಕೊಂಡರೆ, ಹೋಗುವಾಗ ಸುಮಾರು 6 ಗಂಟೆ 55 ನಿಮಿಷ, ಬರುವಾಗ 5 ಗಂಟೆ 32 ನಿಮಿಷ ಹಿಡಿಯುತ್ತದೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪೂರ್ತಿ ಗಳಿಸುತ್ತೇವೆ ಎಂಬುದು ತಪ್ಪು ಕಲ್ಪನೆ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ ಸುಮಾರು 9 ನಿಮಿಷ ಕಡಿಮೆಯಾಗುತ್ತಿತ್ತು, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ. ಈ ಕಾರಣಕ್ಕಾಗಿಯೇ ಉತ್ತರ ಅಟ್ಲಾಂಟಿಕ್‌ನ ಹಾರಾಟದ ಪಥಗಳನ್ನು ಆಯಾ ದಿನದ ಗಾಳಿಯನ್ನು ನೋಡಿ ಹೊಸದಾಗಿ ನಿಗದಿಪಡಿಸುತ್ತಾರೆ, ಮತ್ತು ಕೆಲವೊಮ್ಮೆ ದೂರದ ದಾರಿಯೇ ಬೇಗ ತಲುಪಿಸುತ್ತದೆ.

ವೇಳಾಪಟ್ಟಿಯ ಅವಧಿ ಈ ಲೆಕ್ಕಕ್ಕಿಂತ ಹೆಚ್ಚಿರುವುದು ಸಹಜ, ಏಕೆಂದರೆ ಅದು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮತ್ತೊಂದು ಕಡೆ ಬಂದು ನಿಲ್ಲುವವರೆಗಿನ ಸಮಯ. ರನ್‌ವೇಗೆ ಸಾಗುವುದು, ಸರದಿಗೆ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸ್ಥಳೀಯ ಸಮಯವೆಂಬುದನ್ನೂ ದಯವಿಟ್ಟು ಗಮನಿಸಿ. ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಸೇರುವ ವಿಮಾನ ಹಾರುವುದು ಮೂರು ಗಂಟೆಯಲ್ಲ. ಐದು ಗಂಟೆಗಳ ವ್ಯತ್ಯಾಸವನ್ನು ಸೇರಿಸಿ ಎಂಟು ಗಂಟೆ ಎಂದು ಓದಬೇಕು. ಎರಡು ದೇಶಗಳು ಗಡಿಯಾರ ಬದಲಿಸುವ ದಿನಾಂಕಗಳು ಬೇರೆಬೇರೆಯಾದ್ದರಿಂದ ಮಾರ್ಚ್‌ನ ಕೆಲವು ವಾರಗಳಲ್ಲಿ ಹಾಗೂ ಅಕ್ಟೋಬರ್ ಕೊನೆಯ ಸುಮಾರಿಗೆ ಈ ವ್ಯತ್ಯಾಸ ನಾಲ್ಕೇ ಗಂಟೆ ಇರುತ್ತದೆ.