ಕೋಚ್ ಆದ ಮೇಲೆ 'ನಿಮ್ಮ ಫಿಲಾಸಫಿ ಏನು' ಅಂತ ಕೇಳ್ತಾರಲ್ಲ!

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ವಯಸ್ಸು 31. ಕೆಲವು ವರ್ಷ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಈಗ ಆನ್‌ಲೈನಲ್ಲಿ ಲೈಫ್ ಕೋಚ್ ಕೋರ್ಸ್ ಮುಗಿಸಿದ್ದೇನೆ. ಕೊನೆಯಲ್ಲಿ 'ನಿಮ್ಮ ಕೋಚಿಂಗ್ ಫಿಲಾಸಫಿ ಒಂದು ಪುಟ ಬರೆಯಿರಿ' ಅಂದರು. 'ಎಲ್ಲರಲ್ಲೂ ಅಪಾರ ಶಕ್ತಿ ಇದೆ, ಉತ್ತರ ನಿಮ್ಮೊಳಗೇ ಇದೆ' ಅಂತೆಲ್ಲ ಬರೆದೆ, ಪಾಸೂ ಆದೆ. ಆದರೆ ಮೊದಲು ಬಂದ ಹುಡುಗನ ಎದುರು ಆ ಪುಟದ ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ. ತೋಟ ನೋಡಿಕೊಳ್ಳಲು ಬಾ ಅಂತ ಅವನ ಅಪ್ಪ ಕರೆಯುತ್ತಿದ್ದಾರೆ, ಬೆಂಗಳೂರಿನ ಕೆಲಸ ಬಿಡಲಾ ಅಂತ ಕೇಳಿದ. ನಾನು ಸುಮ್ನೆ ತಲೆ ಆಡಿಸಿದೆ. ಮನೆಯಲ್ಲಿ ನನ್ನ ಅಪ್ಪ ಬೇರೆ, "ಊರಿಗೆಲ್ಲ ಬುದ್ಧಿ ಹೇಳುವಷ್ಟು ದೊಡ್ಡವಳಾದೆಯಾ" ಅಂತ ನಗುತ್ತಾರೆ. ನನಗೆ ಅಂತ ಒಂದು ಫಿಲಾಸಫಿ ನಿಜಕ್ಕೂ ಬೇಕಾ? ಬೇಕಾದರೆ ಎಲ್ಲಿಂದ ತರಲಿ?

ಉತ್ತರ: ಬೇಕು. ಆದರೆ ಆ ಪುಟವನ್ನು ಸದ್ಯಕ್ಕೆ ಎತ್ತಿಡಿ. ಅದರಲ್ಲಿರುವುದು ಸುಳ್ಳಲ್ಲ, ಸಾಲ ತಂದದ್ದು ಅಷ್ಟೆ. ಬೆಳೆಯುವ ಶಕ್ತಿ ಎದುರಿಗೆ ಕೂತವರಲ್ಲೇ ಇದೆ, ನೀವು ತೀರ್ಪು ಕೊಡದೆ ಕೇಳಿಸಿಕೊಳ್ಳಿ ಎನ್ನುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940-50ರ ಹೊತ್ತಿಗೆ ಗಟ್ಟಿಯಾಗಿ ಹೇಳಿದ ಮಾತು. ಗುರಿ ಏನು, ಈಗಿನ ಸ್ಥಿತಿ ಏನು, ಯಾವ ದಾರಿಗಳಿವೆ, ಏನು ಮಾಡುತ್ತೀರಿ ಅಂತ ನಾಲ್ಕು ಮೆಟ್ಟಿಲಲ್ಲಿ ಕೇಳುವ 'ಗ್ರೋ' ಮಾದರಿಯನ್ನು ನಿಮ್ಮ ಕೋರ್ಸಿನಲ್ಲೂ ಕಲಿಸಿರಬಹುದು. ಅದನ್ನು ಜನಪ್ರಿಯ ಮಾಡಿದ್ದು ಇಂಗ್ಲೆಂಡಿನ ಜಾನ್ ವಿಟ್ಮೋರ್. ಅವರು ಮೊದಲು ಕಾರ್ ರೇಸಿನಲ್ಲಿ ಹೆಸರು ಮಾಡಿದವರು! ಇವೆಲ್ಲ ಒಳ್ಳೆಯ ಸಾಮಾನುಗಳೇ. ಆದರೆ ಇವುಗಳ ಒಳಗೆ ಒಂದು ನಂಬಿಕೆ ಅಡಗಿ ಕೂತಿದೆ: ನನ್ನ ಬದುಕಿನ ತೀರ್ಮಾನ ನನ್ನೊಬ್ಬನದು ಅನ್ನುವುದು.

ಆ ಹುಡುಗನ ವಿಷಯಕ್ಕೆ ಬನ್ನಿ. ತೋಟ ಇನ್ನೂ ಅಪ್ಪನ ಹೆಸರಲ್ಲಿರಬಹುದು. ಅಣ್ಣತಮ್ಮಂದಿರ ಪಾಲು ಆಗಿರಲಿಕ್ಕಿಲ್ಲ. ಮಹಾಳಿ ರೋಗ ಬಂದು ಅಡಿಕೆ ಉದುರಿದ ವರ್ಷವೇ ಅಪ್ಪನ ಕೈ ಸೋತಿರಬಹುದು. ಔಷಧಿ ಬಿಡಲು ಜನ ಸಿಗುವುದಿಲ್ಲ, ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಅಂದರೆ ಮಂಗಳೂರಿಗೇ ಹೋಗಬೇಕು. ಇವನಿಗೆ 'ನಿನ್ನ ಮನಸ್ಸು ಹೇಳಿದಂತೆ ಮಾಡು' ಅಂದರೆ ಅವನ ಮನಸ್ಸು ಎರಡೂ ಹೇಳುತ್ತದೆ, ಅಲ್ವಾ? ಹಾಗಾಗಿ ನೀವು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಇದು: ಮನೆಯವರನ್ನು ನೀವು ಅವನ ದಾರಿಗೆ ಅಡ್ಡ ಅಂತ ನೋಡುತ್ತೀರಾ, ಅವನ ಬದುಕಿನ ಪಾಲುದಾರರು ಅಂತ ನೋಡುತ್ತೀರಾ? ನನ್ನನ್ನು ಕೇಳಿದರೆ ಎರಡನೆಯದು. ಒಪ್ಪಲೇಬೇಕು ಅಂತಿಲ್ಲ. ಆದರೆ ನೀವು ಯಾವ ಕಡೆ ಇದ್ದೀರಿ ಎಂದು ನಿಮಗೇ ತಿಳಿಯದಿದ್ದರೆ ನಿಮ್ಮ ಪ್ರಶ್ನೆಗಳು ತಾವಾಗಿ ಒಂದು ಕಡೆಗೆ ವಾಲುತ್ತವೆ, ಪಾಪ ಹುಡುಗನಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನೊಂದು ಪೇಚು ನಮ್ಮ ಕಡೆಯದ್ದೇ. ಇಲ್ಲಿ ಯಾರ ಹತ್ತಿರ ಹೋದರೂ ಪರಿಹಾರ ಸಿಗುತ್ತದೆ. ಜೋಯಿಸರು ಹೇಳುತ್ತಾರೆ, ದೈವ ನುಡಿ ಕೊಡುತ್ತದೆ, ಡಾಕ್ಟರು ಚೀಟಿ ಬರೆಯುತ್ತಾರೆ, ಸೋದರಮಾವ ಕೇಳದೆಯೇ ಹೇಳುತ್ತಾನೆ. ನೀವು ಮಾತ್ರ ದುಡ್ಡು ತಗೊಂಡು ತಿರುಗಿ ಪ್ರಶ್ನೆ ಕೇಳುತ್ತೀರಿ! ಬಂದವರಿಗೆ ಮೋಸ ಹೋದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಹಾಗಂತ ನೀವೂ ಪರಿಹಾರ ಹೇಳಲು ಹೊರಟರೆ ಒಳಗಿನ ಟೀಚರ್ ಎದ್ದು ಕೂರುತ್ತಾಳೆ, ಆಮೇಲೆ ಅವಳನ್ನು ಕೂರಿಸುವುದು ಕಷ್ಟ. 'ನಾನು ತೀರ್ಮಾನ ಹೇಳುವುದಿಲ್ಲ, ನಿಮ್ಮ ತಲೆಯಲ್ಲಿ ಗಂಟಾಗಿರುವುದನ್ನು ಇಬ್ಬರೂ ಕೂತು ಬಿಡಿಸೋಣ' ಅಂತ ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಿ.

ಎಲ್ಲಿಂದ ತರಲಿ ಅಂತ ಕೇಳಿದಿರಿ. ನಿಮ್ಮ ಸಿಟ್ಟಿನಿಂದ. ತಮಾಷೆ ಅಲ್ಲ. ಪ್ರತಿ ಸಲ ಮಾತುಕತೆ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ, ಬಂದವರ ಹೆಸರು ಬರೆಯದೆ, ಎಲ್ಲಿ ನಿಮಗೆ ಕಿರಿಕಿರಿ ಆಯಿತು, ಎಲ್ಲಿ ಬಾಯಿ ಹಾಕಿ ಬುದ್ಧಿ ಹೇಳಬೇಕು ಅನಿಸಿತು, ಎಲ್ಲಿ ಬೋರ್ ಆಯಿತು ಅಂತ ಬರೆಯಿರಿ. ಯಾರೋ 'ಎಲ್ಲ ಹಣೆಬರಹ' ಅಂದಾಗ ನಿಮಗೆ ಸಿಟ್ಟು ಬಂತು ಅನ್ನಿ. ಅಂದರೆ ಪ್ರಯತ್ನಪಟ್ಟರೆ ಎಲ್ಲ ಆಗುತ್ತದೆ ಅಂತ ನೀವು ನಂಬಿದ್ದೀರಿ. ಸರಿ, ಈಗ ಆ ನಂಬಿಕೆಯನ್ನು, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದು ಕೇರಳ ಪಿಎಸ್‌ಸಿ ರ್ಯಾಂಕ್ ಲಿಸ್ಟಿನಲ್ಲಿರುವ ಒಬ್ಬಳ ಎದುರು ಇಟ್ಟು ನೋಡಿ. ಲಿಸ್ಟಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಜಾಸ್ತಿ ಆಯುಸ್ಸಿಲ್ಲ. ಇಲಾಖೆ ಖಾಲಿ ಹುದ್ದೆಯನ್ನು ತಿಳಿಸುತ್ತದೋ ಇಲ್ಲವೋ ಅವಳ ಕೈಯಲ್ಲಿಲ್ಲ. ಅವಳಿಗೆ 'ಪಾಸಿಟಿವ್ ಆಗಿರಿ' ಅಂದರೆ ಎದ್ದು ಹೋಗುತ್ತಾಳೆ, ಹೋಗಬೇಕು ಕೂಡ.

ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿ ನೋಡಿ ಅಂತ ರೋಮ್ ಸಾಮ್ರಾಜ್ಯದ ಕಾಲದಲ್ಲಿ ಎಪಿಕ್ಟೀಟಸ್ ಹೇಳಿದ. ಅವನು ಗುಲಾಮನಾಗಿದ್ದವನು, ಕೈಯಲ್ಲಿಲ್ಲದ್ದು ಅಂದರೇನು ಅಂತ ಅವನಿಗೆ ಗೊತ್ತಿತ್ತು. ಕರ್ಮ ಮಾಡು, ಫಲ ನಿನ್ನ ಅಧಿಕಾರದಲ್ಲಿಲ್ಲ ಅಂತ ಗೀತೆಯಲ್ಲೂ ಇದೆ. ನಿಮಗೆ ಎಲ್ಲಿಂದ ಬಲ ಸಿಗುತ್ತದೋ ಅಲ್ಲಿಂದ ತಗೊಳ್ಳಿ. ಆದರೆ ಬಂದವರ ಮೇಲೆ ಶ್ಲೋಕ ಹೇರಬೇಡಿ. ನಮ್ಮ ಜಿಲ್ಲೆಯಲ್ಲಿ ನಿಮ್ಮ ಎದುರು ಕೂರುವವರು ಬ್ಯಾರಿ ಮಾತಾಡುವ ತಾಯಿಯೂ ಆಗಬಹುದು, ಕೊಂಕಣಿ ಮಾತಾಡುವ ಕ್ರೈಸ್ತ ಹುಡುಗನೂ ಆಗಬಹುದು. ತುಳುವಲ್ಲೋ ಮಲೆಯಾಳದಲ್ಲೋ ಅವರಿಗೆ ಹೇಗೆ ಬರುತ್ತದೋ ಹಾಗೆ ಮಾತಾಡಲಿ.

ಮಾಡದಿರುವುದು ಏನು ಅನ್ನುವುದೂ ಫಿಲಾಸಫಿಯೇ, ಬಹುಶಃ ಅದೇ ಮುಖ್ಯ. ಭಾರತದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಹಾಗಾಗಿ ಗೆರೆ ಹಾಕಿಕೊಳ್ಳುವವರು ನೀವೇ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕಿ ಏನು ಪ್ರಯೋಜನ ಅನ್ನುತ್ತಾರೆ, ಕುಡಿತ ಕೈ ಮೀರಿದೆ, ಮನೆಯಲ್ಲಿ ಹೊಡೆತ ಇದೆ, ಇವೆಲ್ಲ ನಿಮ್ಮ ಕೆಲಸ ಅಲ್ಲ. ಡಾಕ್ಟರ ಹತ್ತಿರ ಕಳಿಸಿ. ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ನೆರವಾಗುವ ಸರ್ಕಾರದ ಸಹಾಯವಾಣಿಗಳಾದ ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ನಂಬರ್ ಫೋನಿನಲ್ಲಿ ಇರಲಿ. ನೆಂಟರನ್ನು ಕ್ಲೈಂಟ್ ಮಾಡಿಕೊಳ್ಳಬೇಡಿ. ಬದಿಯಡ್ಕದಲ್ಲಿ ಸಂಜೆ ಆಡಿದ ಮಾತು ಬೆಳಿಗ್ಗೆ ಪೆರ್ಲಕ್ಕೆ ಮುಟ್ಟಿರುತ್ತದೆ, ನಿಮಗೆ ಗೊತ್ತಿರದ್ದೇನಲ್ಲ.

ಹೀಗೆ ಕೆಲವು ತಿಂಗಳು ಹೋದ ಮೇಲೆ ಐದಾರು ವಾಕ್ಯ ಬರೆಯಿರಿ, ಅಪ್ಪನಿಗೆ ಅರ್ಥವಾಗುವ ಹಾಗೆ. 'ನಾನು ಹೀಗೆ ನಂಬುತ್ತೇನೆ, ಅದಕ್ಕೇ ಹೀಗೆ ಮಾಡುತ್ತೇನೆ' ಅಂತ ಎರಡೂ ಜೊತೆಗೇ ಬರಬೇಕು. 'ಮನೆಯವರನ್ನು ಬಿಟ್ಟು ಯಾರ ತೀರ್ಮಾನವೂ ಇಲ್ಲ ಅಂತ ನಂಬುತ್ತೇನೆ, ಅದಕ್ಕೇ ಈ ವಿಷಯ ಮನೆಯಲ್ಲಿ ಯಾರ ಹತ್ತಿರ ಮಾತಾಡಿದ್ದೀರಿ ಅಂತ ಮೊದಲು ಕೇಳುತ್ತೇನೆ' ಅನ್ನುವ ಹಾಗೆ. 'ಅದಕ್ಕೇ' ನಂತರ ಬರೆಯಲು ಏನೂ ಸಿಗದ ವಾಕ್ಯವನ್ನು ಹೊಡೆದು ಹಾಕಿ.

ಪ್ರಶ್ನೆ: ಮಗ ಪ್ಲಸ್ ಟೂ ಮುಗಿಸಿ ಮುಂದೇನು ಅಂತ ತಿಳಿಯದೆ ಕೂತಿದ್ದಾನೆ. ಲೈಫ್ ಕೋಚ್ ಹತ್ತಿರ ಕರೆದುಕೊಂಡು ಹೋಗಬಹುದಾ? ನಾವೂ ಒಳಗೆ ಕೂರಬಹುದಾ? – ಹೊಸಂಗಡಿಯ ಓದುಗರು

ಉತ್ತರ: ಮೊದಲು ಅವನ ಶಾಲೆಯಲ್ಲಿ ಕೆರಿಯರ್ ಗೈಡೆನ್ಸ್ ನೋಡಿಕೊಳ್ಳುವ ಅಧ್ಯಾಪಕರಿದ್ದರೆ ಅವರನ್ನು ಕೇಳಿ, ದುಡ್ಡು ಉಳಿಯುತ್ತದೆ. ಆಮೇಲೂ ಗೊಂದಲ ಇದ್ದರೆ, ಮಗನಿಗೂ ಇಷ್ಟ ಇದ್ದರೆ ಹೋಗಿ. ಕೋಚ್ ಎಲ್ಲಿ ಕಲಿತರು, ಫೀಸ್ ಎಷ್ಟು, ಯಾವ ಸಮಸ್ಯೆಯನ್ನು ಅವರು ಬೇರೆಯವರ ಹತ್ತಿರ ಕಳಿಸುತ್ತಾರೆ ಅಂತ ಮುಂಚೆಯೇ ಕೇಳಿಕೊಳ್ಳಿ. ಒಳಗೆ ಕೂರಬೇಡಿ.