ಯಾರ್ಕ್‌ಶೈರಿಗೆ ಹೋಗುವ ಮುನ್ನ ಹಳೆಯ ಆಡುನುಡಿಯ ಕಾಲಸೂಚಕ ಪದಗಳನ್ನು ಕಲಿಯಬೇಕೇ?

ಕೆಲಸಕ್ಕೆಂದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಹೊರಟಿರುವ ನೀವು ಸೆನೈಟ್ (ಒಂದು ವಾರ), ಓವರ್‌ಮಾರೋ (ನಾಡಿದ್ದು), ಯೆಸ್ಟ್ರೀನ್ (ನಿನ್ನೆ ಸಂಜೆ) ಮೊದಲಾದ ಹಳೆಯ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಬೇಕೇ ಎಂದು ಕೇಳಿದ್ದೀರಿ. ಅಲ್ಲಿನ ಬಾರ್ನ್ಸ್‌ಲಿ ಪಟ್ಟಣಕ್ಕೆ ಹೋಗುವ ಮುನ್ನ ನಾನೂ ಇಂಥದೇ ಪಟ್ಟಿಯೊಂದನ್ನು ಬರೆದಿಟ್ಟುಕೊಂಡಿದ್ದೆ. ಆ ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಪದದಿಂದಾಗಿ, ಬಹುತೇಕ ಗೊತ್ತಾಗಿದ್ದ ಬಾಡಿಗೆ ಕೋಣೆ ಕೈತಪ್ಪಿತು.

ಮನೆಯ ಒಡತಿ ವಯಸ್ಸಾದವರು. ಫೋನಿನಲ್ಲಿ ಅವರು "ಐಲ್ ಬಿ ಇನ್ ವೈಲ್ ಫೋರ್" ಎಂದರು. ಆ ಸೀಮೆಯಲ್ಲಿ 'ವೈಲ್' ಎಂದರೆ 'ತನಕ'. ನಾಲ್ಕು ಗಂಟೆಯ ತನಕ ಮನೆಯಲ್ಲಿರುತ್ತೇನೆ ಎಂಬುದು ಅವರ ಮಾತು. ಶಾಲೆಯಲ್ಲಿ ಕಲಿತ 'ವೈಲ್' ಒಂದು ಕೆಲಸ ನಡೆಯುತ್ತಿರುವಾಗ ಎಂಬ ಅರ್ಥದ್ದು. ಅದರ ಮುಂದೆ ಗಂಟೆ ಬಂದದ್ದರಿಂದ ವಾಕ್ಯವೇ ತಪ್ಪಿದಂತೆ ಕೇಳಿ, ನಾಲ್ಕರ ಹೊತ್ತಿಗೆ ಇರುತ್ತಾರೆಂದು ನಾನೇ ತಿದ್ದಿಕೊಂಡೆ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಾವು 'ನಾಲ್ಕರ ತನಕ', 'ನಾಲ್ಕರ ಹೊತ್ತಿಗೆ', 'ನಾಲ್ಕರ ಮೇಲೆ' ಎನ್ನುವಾಗ ಅರ್ಥವನ್ನು ತೀರ್ಮಾನಿಸುವ ಪದ ಅಂಕಿಯ ನಂತರ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಅಂಕಿಗಿಂತ ಮೊದಲೇ ಬಂದು ಹೋಗಿರುತ್ತದೆ. ಅಂಕಿಗಾಗಿ ಕಾದಿದ್ದ ನನ್ನ ಕಿವಿಯಲ್ಲಿ ನಾಲ್ಕು ಮಾತ್ರ ಉಳಿಯಿತು. ಗೊತ್ತಿಲ್ಲದ್ದು ತಪ್ಪಲ್ಲ, ವಾಕ್ಯ ವಿಚಿತ್ರವೆನಿಸಿದಾಗಲೂ "ಅಂಟಿಲ್ ಫೋರ್?" ಎಂದು ಮರುಪ್ರಶ್ನೆ ಹಾಕದಿದ್ದದ್ದು ತಪ್ಪು. ನಾಲ್ಕು ದಾಟಿದ ಮೇಲೆ ತಲುಪಿದಾಗ ಬಾಗಿಲಿಗೆ ಬೀಗ. ಮಧ್ಯಾಹ್ನವೆಲ್ಲ ಕಾದಿದ್ದ ಅವರು, ನನಗೆ ಬೇಡವಾಗಿದೆಯೆಂದು ಭಾವಿಸಿ ಕೋಣೆಯನ್ನು ಬೇರೊಬ್ಬರಿಗೆ ಕೊಟ್ಟಿದ್ದರು.

ಆದ್ದರಿಂದ ನಿಮ್ಮ ಪಟ್ಟಿಯೇ ತಲೆಕೆಳಗಾಗಿದೆ ಎನ್ನುತ್ತೇನೆ. ನಾಡಿದ್ದು ಎಂಬರ್ಥದ ಓವರ್‌ಮಾರೋ 16ನೆಯ ಶತಮಾನದ ಬೈಬಲ್ ಅನುವಾದದಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಸಿಗುವುದಿಲ್ಲ. ಏಳು ರಾತ್ರಿಗಳ ಸೆನೈಟ್ ಬಳಕೆ ತಪ್ಪಿತು, ಹದಿನಾಲ್ಕು ರಾತ್ರಿಗಳ ಫೋರ್ಟ್‌ನೈಟ್ ಮಾತ್ರ ಇಂದಿಗೂ ಎಲ್ಲರ ಬಾಯಲ್ಲಿದೆ. ನಿಮಗೆ ಎದುರಾಗುವವು ಬೇರೆ: ಶರತ್ಕಾಲಕ್ಕೆ 'ಬ್ಯಾಕ್‌ಎಂಡ್', ಇನ್ನೂ ಉತ್ತರಕ್ಕೆ ನಾರ್ತಂಬರ್ಲೆಂಡಿನ ಕಡೆ ಹೋದರೆ ನಾಳೆಗೆ 'ದ ಮಾರ್ನ್', ಮತ್ತು ಕೆಲಸದ ವೇಳೆ ಹೇಳುವ 'ನೈನ್ ವೈಲ್ ಫೈವ್'.

ಇವನ್ನು ಕೆಟ್ಟ ಇಂಗ್ಲಿಷ್ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದಲ್ಲಿ ರಾಜನಾದ ಮ್ಯಾಕ್‌ಬೆತ್ ಆಸ್ಥಾನದವರನ್ನು ಕಳುಹಿಸುವಾಗ ಬಳಸುವ 'ವೈಲ್ ದೆನ್' ಕೂಡ 'ಅಲ್ಲಿಯ ತನಕ' ಎಂಬ ಅರ್ಥದ್ದೇ. 1898ರಿಂದ 1905ರ ನಡುವೆ ಆರು ಸಂಪುಟಗಳಲ್ಲಿ ಹೊರಬಂದ ಇಂಗ್ಲಿಷ್ ಆಡುನುಡಿ ನಿಘಂಟನ್ನು ಸಂಪಾದಿಸಿದ ಜೋಸೆಫ್ ರೈಟ್ ಯಾರ್ಕ್‌ಶೈರಿನವರೇ. ಬಾಲ್ಯದಲ್ಲಿ ಗಿರಣಿಯಲ್ಲಿ ದುಡಿದು, ಹದಿನೈದರ ಆಸುಪಾಸಿನಲ್ಲಿ ಓದುಬರಹ ಕಲಿತು, ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದವರು. ಪದಗಳ ಮೇಲೆ ನಿಮಗೆ ನಿಜವಾದ ಪ್ರೀತಿಯಿದ್ದರೆ ಅಂತರ್ಜಾಲದ ಪಟ್ಟಿಗಳ ಬದಲು ಆ ನಿಘಂಟನ್ನು ತೆರೆಯಿರಿ. ಒಂದೊಂದು ಪದವೂ ಯಾವ ಕೌಂಟಿಯದೆಂದು (ನಮ್ಮ ಜಿಲ್ಲೆಯಂಥ ವಿಭಾಗ) ಅದರಲ್ಲಿ ನಮೂದಾಗಿದೆ.

ಫೋನಿನಲ್ಲಿ ಯಾರೇ ಸಮಯ ಹೇಳಿದರೂ, ಅದನ್ನು ಬೇರೆ ಮಾತಿನಲ್ಲಿ ಮರಳಿ ಹೇಳಿ ಖಚಿತಪಡಿಸಿಕೊಳ್ಳಿ. 'ಹಾಫ್ ಫೈವ್' ಎಂದರೆ ಅಲ್ಲಿ ಐದೂವರೆ. ನೀವು ಜರ್ಮನ್ ಕಲಿತವರಾಗಿದ್ದರೆ ಇದರಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಆ ಭಾಷೆಯಲ್ಲಿ ಇದೇ ರಚನೆ ನಾಲ್ಕೂವರೆಯನ್ನು ಸೂಚಿಸುತ್ತದೆ.